ಮಕ್ಕಳ ಕಿವಿ ಸೋರಿದರೆ

ಎತ್ತಿನ ಗೊರಸಿಗೆ ಮುಳ್ಳು ಹೊಕ್ಕು ಕೀವಾದರೆ ನಮ್ಮ ರೈತರು ಅದೇ ದಿನ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತಾರೆ. ಮನೆಯ ಮಗುವಿನ ಕಿವಿಯಿಂದ ಕೀವು ಬಂದರೆ ಮಾತ್ರ “ಬೆಳೀತಾ ಬೆಳೀತಾ ಸರಿಹೋಗುತ್ತೆ” ಎಂದು ಸುಮ್ಮನಿರುತ್ತಾರೆ. ಇದು ಪ್ರೀತಿಯ ಕೊರತೆಯಿಂದಲ್ಲ. ಎತ್ತು ಕುಂಟುವುದು ಎಲ್ಲರ ಕಣ್ಣಿಗೂ ಕಾಣುತ್ತದೆ, ನಾಳೆಯ ಉಳುಮೆ ನಿಲ್ಲುತ್ತದೆ. ಮಗುವಿಗೆ ಅರ್ಧ ಕೇಳಿಸಿ ಅರ್ಧ ಕೇಳಿಸದಿರುವುದು ಯಾರ ಕಣ್ಣಿಗೂ ಕಾಣುವುದಿಲ್ಲ.

ಬೀಜ ಗೊಬ್ಬರದ ವಿಷಯ ಹೇಳಬೇಕಾದ ಗ್ರಾಮಸೇವಕನು ಕಿವಿಯ ವಿಷಯವನ್ನೇಕೆ ಬರೆಯುತ್ತಾನೆ ಎಂದು ಕೆಲವರು ಕೇಳಬಹುದು. ನಾನು ಓದಿದ್ದು ಕೃಷಿ ಡಿಪ್ಲೊಮಾ, ವೈದ್ಯನಲ್ಲ. ಆದರೆ ಮನೆಮನೆಗೆ ಹೋಗುವವನಿಗೆ ಜಗಲಿಯ ಮೇಲೆ ಕಿವಿಗೆ ಹತ್ತಿ ತುರುಕಿಕೊಂಡು ಕುಳಿತ ಮಕ್ಕಳು ಕಾಣದೆ ಇರುವುದಿಲ್ಲ. ಇಲ್ಲಿ ಬರೆದಿರುವುದು ವೈದ್ಯರು ಒಪ್ಪಿರುವ ವಿಷಯ. ನನ್ನ ಸ್ವಂತ ಔಷಧಿ ಇದರಲ್ಲಿ ಒಂದೂ ಇಲ್ಲ.

ಕಿವಿಯ ಒಳಗೆ ಏನಿದೆ?

ಹೊರಗೆ ಕಾಣುವ ಕಿವಿಯ ತೂತು ಒಂದು ಕುರುಡು ಓಣಿಯಂತೆ. ಅದರ ಕೊನೆಯಲ್ಲಿ ಒಂದು ತೆಳುವಾದ ಪೊರೆ ಬಿಗಿಯಾಗಿ ನಿಂತಿದೆ. ಇದೇ ಕಿವಿತಮಟೆ. ಅಗಲ ಸುಮಾರು 1 ಸೆಂಟಿಮೀಟರು. ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಪೊರೆಯ ಆಚೆಗೆ ಗಾಳಿ ತುಂಬಿದ ಸಣ್ಣ ಕೋಣೆಯಿದೆ. ಅದನ್ನು ನಡುಗಿವಿ ಎನ್ನುತ್ತಾರೆ. ಅದರಲ್ಲಿ ಮೂರು ಪುಟ್ಟ ಮೂಳೆಗಳು ಒಂದಕ್ಕೊಂದು ಸರಪಳಿಯಂತೆ ಸೇರಿಕೊಂಡಿವೆ. ಮೂರನೆಯದು ನಮ್ಮ ಮೈಯಲ್ಲೆಲ್ಲಾ ಅತಿ ಚಿಕ್ಕ ಮೂಳೆ. ಸುಮಾರು 3 ಮಿಲಿಮೀಟರು, ಒಂದು ಜೋಳದ ಕಾಳಿಗಿಂತ ಚಿಕ್ಕದು. ಅದರಾಚೆ ಒಳಗಿವಿ. ಕೇಳುವ ನರ ಹೊರಡುವುದು ಅಲ್ಲಿಂದ.

ಮಾರಿಹಬ್ಬದಲ್ಲಿ ತಮಟೆ ಬಾರಿಸುವುದಕ್ಕೆ ಮುಂಚೆ ಬೆಂಕಿಗೆ ಹಿಡಿದು ಕಾಯಿಸುವುದನ್ನು ಎಲ್ಲರೂ ಕಂಡಿದ್ದೀರಿ. ಚರ್ಮ ತೇವವಾಗಿದ್ದರೆ ನಾದ ಏಳುವುದಿಲ್ಲ. ಹರಿದಿದ್ದರಂತೂ ಕೇಳುವುದೇ ಬೇಡ. ಕಿವಿಯಲ್ಲಿರುವ ತಮಟೆಯನ್ನು ಬಾರಿಸುವುದು ಕೋಲಲ್ಲ, ಗಾಳಿಯಲ್ಲಿ ಬರುವ ಶಬ್ದ. ಪೊರೆ ಅದುರಿದರೆ ಮೂರು ಮೂಳೆಗಳು ಅಲುಗುತ್ತವೆ. ಅವು ಅಲುಗಿದರೆ ಒಳಗಿವಿಗೆ ಶಬ್ದ ಮುಟ್ಟುತ್ತದೆ. ಪೊರೆಯಲ್ಲಿ ತೂತು ಬಿದ್ದರೆ ಈ ಕೆಲಸ ಅಷ್ಟರಮಟ್ಟಿಗೆ ಕೆಡುತ್ತದೆ.

ತೂತು ಬೀಳುವುದು ಹೇಗೆ?

ಇಲ್ಲೊಂದು ವಿಚಿತ್ರವಿದೆ. ಕಿವಿಯ ರೋಗ ಹೆಚ್ಚಾಗಿ ಹುಟ್ಟುವುದು ಕಿವಿಯಲ್ಲಲ್ಲ, ಮೂಗಿನಲ್ಲಿ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳವಿದೆ. ನಡುಗಿವಿಗೆ ಗಾಳಿ ಹೋಗುವುದು ಅದರ ಮೂಲಕವೇ. ದೊಡ್ಡವರಲ್ಲಿ ಈ ನಾಳ ಉದ್ದವಾಗಿ ಇಳಿಜಾರಾಗಿರುತ್ತದೆ. ಮಕ್ಕಳಲ್ಲಿ ಅದು ಗಿಡ್ಡ, ಮತ್ತು ಹೆಚ್ಚುಕಡಿಮೆ ಅಡ್ಡಡ್ಡವಾಗಿ ಮಲಗಿದಂತಿರುತ್ತದೆ. ಇಳಿಜಾರಿಲ್ಲದ ಕಾಲುವೆಯಲ್ಲಿ ನೀರು ಹಿಂದಕ್ಕೆ ಒತ್ತುವುದು ರೈತರಿಗೆ ಹೊಸ ವಿಷಯವಲ್ಲ. ಮಗುವಿಗೆ ನೆಗಡಿಯಾದಾಗ ಸಿಂಬಳದಲ್ಲಿರುವ ರೋಗಾಣುಗಳು ಇದೇ ದಾರಿಯಲ್ಲಿ ನಡುಗಿವಿಗೆ ಏರುತ್ತವೆ. ಅಲ್ಲಿ ಕೀವಾಗುತ್ತದೆ. ಹೋಗಲು ದಾರಿಯಿಲ್ಲದ ಕೀವು ಕಿವಿತಮಟೆಯನ್ನು ಒಳಗಿನಿಂದ ಒತ್ತುತ್ತದೆ. ಮಗುವಿಗೆ ಜ್ವರ, ತಡೆಯಲಾರದ ನೋವು. ರಾತ್ರಿಯೆಲ್ಲಾ ಅಳುತ್ತದೆ, ಕಿವಿಯನ್ನು ಎಳೆದುಕೊಳ್ಳುತ್ತದೆ. ಕೊನೆಗೆ ಪೊರೆ ಒಡೆದು ಕೀವು ಹೊರಕ್ಕೆ ಬರುತ್ತದೆ.

ಪೊರೆ ಒಡೆದ ಕೂಡಲೇ ನೋವು ಇಳಿಯುತ್ತದೆ. ಮಗು ನಿದ್ದೆ ಮಾಡುತ್ತದೆ. ಮನೆಯವರು “ಸದ್ಯ, ವಾಸಿಯಾಯಿತು” ಎಂದು ನಿಟ್ಟುಸಿರು ಬಿಡುತ್ತಾರೆ. ನಮ್ಮ ಹಳ್ಳಿಗಳ ಕಿವುಡುತನಕ್ಕೆ ಈ ಒಂದು ನಿಟ್ಟುಸಿರು ಬಹುಮಟ್ಟಿಗೆ ಕಾರಣವೆಂದು ನನಗೆ ತೋರುತ್ತದೆ. ಅತ್ತಾಗ ಔಷಧಿ ಹುಡುಕಿದವರು ಅಳು ನಿಂತ ಮೇಲೆ ಮರೆಯುತ್ತಾರೆ. ಆದರೆ ನೋವು ನಿಂತದ್ದು ರೋಗ ಹೋದದ್ದರಿಂದಲ್ಲ, ಗೋಡೆ ಒಡೆದದ್ದರಿಂದ. ಇದಾದ ಮೇಲೆ ಸೋರುವ ಕಿವಿ ನೋಯುವುದು ಅಪರೂಪ. ನೋಯದ್ದನ್ನು ಆಸ್ಪತ್ರೆಗೆ ಒಯ್ಯುವ ಅಭ್ಯಾಸ ನಮಗಿಲ್ಲ.

ಹೀಗೆಂದು ಹೆದರಬೇಕಾಗಿಲ್ಲ. ಹೊಸದಾಗಿ ಬಿದ್ದ ಸಣ್ಣ ತೂತು ಬಹಳ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಎರಡು: ವೈದ್ಯರು ಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನವೂ ತಪ್ಪದೆ ಕೊಡುವುದು, ಕಿವಿಯನ್ನು ಒಣಗಿಸಿಡುವುದು. ಕೀವು 14 ದಿನ ದಾಟಿಯೂ ಸೋರುತ್ತಿದ್ದರೆ ರೋಗ ಬೇರೂರಿತೆಂದು ವೈದ್ಯರು ಎಣಿಸುತ್ತಾರೆ. ಹಾಗೆಂದು 14 ದಿನ ಕಾದು ಹೋಗಿರೆಂದು ಅರ್ಥವಲ್ಲ. ಕೀವು ಕಂಡ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದು ಸರಿಯಾದ ಕ್ರಮ.

ನೆಗಡಿಯಲ್ಲದೆ ಏಟಿನಿಂದಲೂ ತೂತು ಬೀಳುತ್ತದೆ. ಗುಗ್ಗೆ ತೆಗೆಯಲು ಹಾಕುವ ಬೆಂಕಿಕಡ್ಡಿ, ಹೇರ್‌ಪಿನ್ನು, ಕೋಳಿಯ ಪುಕ್ಕ. ಕಿವಿಯ ಬಳಿ ಸಿಡಿದ ಪಟಾಕಿ. ಎಲ್ಲಕ್ಕಿಂತ ಹೆಚ್ಚಾಗಿ ಕಪಾಳಕ್ಕೆ ಬಿದ್ದ ಏಟು. ತೆರೆದ ಅಂಗೈ ಕಿವಿಯ ಮೇಲೆ ಬಿದ್ದಾಗ ಓಣಿಯಲ್ಲಿದ್ದ ಗಾಳಿ ಒತ್ತಿ ಪೊರೆ ಹರಿಯುತ್ತದೆ. ಬಲಗೈಯಲ್ಲಿ ಹೊಡೆಯುವವರೇ ಹೆಚ್ಚಾದ್ದರಿಂದ ಹೀಗೆ ಹರಿಯುವುದು ಎಡಗಿವಿಯೇ ಹೆಚ್ಚು. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ಮನೆಯಲ್ಲಿ ಹೊಡೆಯುವ ತಂದೆಯ ಕೈಯನ್ನು ತಡೆಯಬೇಕಾದವನು ತಂದೆಯೇ.

ಏನು ಹಾಕಕೂಡದು?

ಸೋರುವ ಕಿವಿಗೆ ನಮ್ಮಲ್ಲಿ ಹಾಕುವ ವಸ್ತುಗಳಿಗೆ ಲೆಕ್ಕವಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ತುಂಬೆ ಸೊಪ್ಪಿನ ರಸ, ಎದೆಹಾಲು. ಒಬ್ಬ ಅಜ್ಜಿಗೆ ನಾನು ಈ ಮಾತು ಹೇಳಿದಾಗ, “ನಿಮ್ಮಪ್ಪನ ಕಿವಿಗೂ ನಿಮ್ಮಜ್ಜಿ ಎಣ್ಣೆ ಬಿಟ್ಟೇ ಬೆಳೆಸಿರ್ತಾಳೆ ಕಣಪ್ಪ. ಹಲ್ಲು ಹುಟ್ಟೋ ಕಾಲಕ್ಕೆ ಕಿವಿ ಸೋರೋದು ಇದ್ದದ್ದೇ” ಎಂದರು. ಅಜ್ಜಿಯ ಮಾತಿನಲ್ಲಿ ಅನುಭವವಿದೆ. ಹಲ್ಲು ಹುಟ್ಟುವ ವಯಸ್ಸಿನಲ್ಲೇ ಮಕ್ಕಳಿಗೆ ನೆಗಡಿಯೂ ಹೆಚ್ಚು, ನಾಳವೂ ಗಿಡ್ಡ. ಆದ್ದರಿಂದ ಎರಡೂ ಒಟ್ಟಿಗೆ ಬರುತ್ತವೆ. ಹಲ್ಲಿನಿಂದ ಕಿವಿ ಸೋರುವುದಿಲ್ಲ. ಎಣ್ಣೆಯ ಮಾತೂ ಹಾಗೆಯೇ. ಪೊರೆ ನೆಟ್ಟಗಿರುವ ಕಿವಿಯಲ್ಲಿ ಎಣ್ಣೆ ಹೊರಗಿನ ಓಣಿಯಲ್ಲೇ ನಿಲ್ಲುತ್ತದೆ. ತೂತು ಬಿದ್ದ ಕಿವಿಯಲ್ಲಿ ಅದು ನೇರ ನಡುಗಿವಿಗೆ ಇಳಿದು, ತೇವವನ್ನೂ ಕೊಳೆಯನ್ನೂ ಒಳಕ್ಕೆ ಒಯ್ಯುತ್ತದೆ. ಎದೆಹಾಲು ಮಗುವಿನ ಹೊಟ್ಟೆಗೆ ಅಮೃತ. ಕಿವಿಯಲ್ಲಿ ಅದು ರೋಗಾಣುಗಳಿಗೆ ಊಟ.

ಅಂಗಡಿಯಲ್ಲಿ ಕೇಳಿ ತಂದ ಕಿವಿಯ ಹನಿಯನ್ನೂ ಹಾಕಕೂಡದು. ಕೆಲವು ಜಾತಿಯ ಹನಿ ಔಷಧಿಗಳು ತೂತಿನ ಮೂಲಕ ಇಳಿದು ಒಳಗಿವಿಯನ್ನೇ ಕೆಡಿಸಬಲ್ಲವು. ಪೊರೆಯನ್ನು ಸರಿಮಾಡಬಹುದು; ಒಳಗಿವಿಯಲ್ಲಿ ಸತ್ತ ಸೂಕ್ಷ್ಮ ಕೋಶಗಳು ಮತ್ತೆ ಹುಟ್ಟುವುದಿಲ್ಲ. ನೆರೆಮನೆಯ ಮಗುವಿಗೆ ವಾಸಿಯಾದ ಸೀಸೆ ನಿಮ್ಮ ಮಗುವಿಗೆ ಹಾನಿ ಮಾಡಬಹುದು.

ಕಿವಿ ಒಣಗಿಸುವ ಕ್ರಮ

ಇದನ್ನು ತಾಯಂದಿರು ಮನೆಯಲ್ಲೇ ಮಾಡಬಹುದು. ಕೈಯನ್ನು ಸೋಪಿನಿಂದ ತೊಳೆಯಿರಿ. ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹತ್ತಿಬಟ್ಟೆಯ ಚೂರನ್ನು ದೀಪದ ಬತ್ತಿಯಂತೆ ಹೊಸೆಯಿರಿ, ತುದಿ ಮೊನಚಾಗಿರಲಿ. ಕಡ್ಡಿಗೆ ಸುತ್ತಕೂಡದು. ಮಗುವನ್ನು ತೊಡೆಯ ಮೇಲೆ ಅಲುಗದಂತೆ ಹಿಡಿದು, ಕಿವಿಯ ಹಾಳೆಯನ್ನು ಮೆಲ್ಲನೆ ಹಿಂದಕ್ಕೆ ಎಳೆದು, ಬತ್ತಿಯನ್ನು ಕಿವಿಯ ತೂತಿನಲ್ಲಿ ಇಡಿರಿ. ಅದು ಕೀವನ್ನು ಹೀರಿ ಒದ್ದೆಯಾದ ಕೂಡಲೇ ತೆಗೆದು, ಬೇರೆ ಬತ್ತಿ ಇಡಿರಿ. ಬತ್ತಿ ಒಣಗಿ ಬರುವವರೆಗೆ ಹೀಗೆಯೇ ಮಾಡಬೇಕು. ದಿನಕ್ಕೆ ಮೂರು ಸಲ. ವೈದ್ಯರು ಹನಿ ಔಷಧಿ ಬರೆದುಕೊಟ್ಟಿದ್ದರೆ, ಒಣಗಿಸಿದ ಮೇಲೆಯೇ ಹನಿ ಹಾಕಬೇಕು. ಕೀವಿನ ಮೇಲೆ ಹಾಕಿದ ಹನಿ ನೀರು ನಿಂತ ಮಡಿಗೆ ಎರಚಿದ ಗೊಬ್ಬರದಂತೆ ತೇಲಿ ವ್ಯರ್ಥವಾಗುತ್ತದೆ. ಬಳಸಿದ ಬತ್ತಿಗಳನ್ನು ಸುಡಿರಿ.

ಬತ್ತಿಯನ್ನು ಕಿವಿಯಲ್ಲೇ ಬಿಟ್ಟು ಶಾಲೆಗೆ ಕಳುಹಿಸಬಾರದು. ಒದ್ದೆ ಹತ್ತಿಯನ್ನು ಗಂಟೆಗಟ್ಟಲೆ ತುರುಕಿಟ್ಟರೆ ಕಿವಿ ಒಳಗೇ ಬೇಯುತ್ತದೆ. ಸ್ನಾನದ ಹೊತ್ತಿನಲ್ಲಿ ಮಾತ್ರ ವ್ಯಾಸಲೀನು ಸವರಿದ ಹತ್ತಿಯ ಉಂಡೆಯನ್ನು ಕಿವಿಯ ಬಾಯಿಗೆ ಇಟ್ಟು, ಸ್ನಾನವಾದೊಡನೆ ತೆಗೆಯಬೇಕು. ಕಿವಿ ಸೋರುವ ಹುಡುಗರು ಕೆರೆಯಲ್ಲಿ, ಬಾವಿಯಲ್ಲಿ ಈಜುವಂತಿಲ್ಲ. ಬೇಸಿಗೆ ರಜೆಯಲ್ಲಿ ಇದನ್ನು ಪಾಲಿಸುವುದು ಕಷ್ಟವೆಂದು ಬಲ್ಲೆ. ಎಮ್ಮೆ ಮೈತೊಳೆಯಲು ಆ ಹುಡುಗನನ್ನು ಕಳುಹಿಸದಿರುವುದಾದರೂ ದೊಡ್ಡವರ ಕೈಯಲ್ಲಿದೆ.

ತಡಮಾಡಬಾರದ ಲಕ್ಷಣಗಳು

ಸೋರುವ ಕಿವಿಗಳೆಲ್ಲ ಒಂದೇ ಬಗೆಯವಲ್ಲ. ಕೀವು ಹೆಚ್ಚಾಗಿ ಬಂದರೂ ವಾಸನೆ ಇಲ್ಲದಿದ್ದರೆ ತೂತು ಹೆಚ್ಚಾಗಿ ಪೊರೆಯ ನಡುವೆ ಇರುತ್ತದೆ. ಇದರಿಂದ ಜೀವಕ್ಕೆ ಅಪಾಯ ಕಡಿಮೆ. ಕೀವು ಸ್ವಲ್ಪವೇ ಬಂದು, ಆದರೆ ಕೊಳೆತ ನಾತ ಹೊಡೆಯುತ್ತಿದ್ದರೆ, ನಡುವೆ ರಕ್ತವೂ ಕಂಡರೆ, ಒಳಗೆ ಮೂಳೆಯನ್ನು ತಿನ್ನುವ ಬಗೆಯ ರೋಗವಿರಬಹುದು. ಕಿವಿಯ ಮೇಲ್ಗಡೆ ಮಿದುಳು ಇರುವುದು ತೆಳುವಾದ ಒಂದು ಮೂಳೆಯ ಆಚೆಗೆ ಎಂಬುದನ್ನು ನೆನೆಯಿರಿ. ಕಿವಿಯ ಹಿಂದೆ ಮುಟ್ಟಿದರೆ ನೋಯುವ ಬಾವು, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ತಲೆ ತಿರುಗುವುದು, ಕತ್ತು ಬಗ್ಗಿಸಲಾರದಂತಾಗುವುದು, ಜ್ವರದೊಡನೆ ವಾಂತಿ, ಮಂಪರು: ಇವುಗಳಲ್ಲಿ ಒಂದು ಕಂಡರೂ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಫೋನು ಮಾಡಿರಿ. ಸಂತೆಯ ದಿನಕ್ಕೆಂದು ಕಾಯಬೇಡಿ.

ದಡ್ಡನಲ್ಲ, ಕೇಳಿಸದವನು

ಕಿವುಡು ಎಂದರೆ ಏನೂ ಕೇಳಿಸದಿರುವುದು ಎಂದು ನಾವು ತಿಳಿದಿದ್ದೇವೆ. ಪೊರೆ ತೂತಾದ ಮಗು ಹಾಗಲ್ಲ. ಹಿತ್ತಿಲಿನಿಂದ ಗಟ್ಟಿಯಾಗಿ ಕೂಗಿದರೆ ಓಡಿಬರುತ್ತದೆ. ಮೆಲ್ಲಗೆ ಹೇಳಿದ್ದು ಅದಕ್ಕೆ ಕೇಳುವುದಿಲ್ಲ. ಶಬ್ದವನ್ನು ಡೆಸಿಬಲ್ ಎಂಬ ಅಳತೆಯಲ್ಲಿ ಅಳೆಯುತ್ತಾರೆ. ಪಿಸುಮಾತು ಸುಮಾರು 30, ಎದುರು ಕುಳಿತು ಆಡುವ ಮಾತು ಸುಮಾರು 60. ಪೊರೆಯ ತೂತಿನಿಂದ 10ರಿಂದ 40 ಡೆಸಿಬಲ್‌ವರೆಗೂ ಶ್ರವಣ ಕುಗ್ಗಬಹುದು. ಮೂಳೆಗಳ ಸರಪಳಿಯೂ ಕಡಿದಿದ್ದರೆ ಇನ್ನೂ ಹೆಚ್ಚು. ಅಂಥ ಮಗುವಿಗೆ ಮೇಷ್ಟರ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ‘ಹಾಲು’, ‘ಕಾಲು’, ‘ಸಾಲು’ ಮೂರೂ ಒಂದೇ ಆಗಿ ಕೇಳುತ್ತವೆ. ಏಕೆಂದರೆ ಮೊದಲಿನ ಅಕ್ಷರದ ಮೆಲುದನಿಯೇ ಅದಕ್ಕೆ ತಪ್ಪಿಹೋಗಿರುತ್ತದೆ.

ನಮ್ಮ ವಲಯದ ಒಂದು ಊರಿನಲ್ಲಿ ಮೂರನೆಯ ತರಗತಿಯ ಹುಡುಗನೊಬ್ಬನಿದ್ದ. ಉಕ್ತಲೇಖನದಲ್ಲಿ ಸೊನ್ನೆ, ಹಲಗೆಯ ಮೇಲೆ ಬರೆದುಕೊಟ್ಟ ಲೆಕ್ಕ ಮಾತ್ರ ಎಲ್ಲರಿಗಿಂತ ಮೊದಲು ಮುಗಿಸುತ್ತಿದ್ದ. ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. “ಇವನಿಗೆ ಓದು ಹತ್ತೋದಿಲ್ಲ ಸಾರ್, ಕುರಿ ಕಾಯೋಕೆ ಬಿಡ್ತೀನಿ” ಎಂದು ತಂದೆ ನನ್ನೊಡನೆ ಹೇಳಿದರು. ಎರಡೂ ಕಿವಿ ಎರಡು ವರ್ಷದಿಂದ ಸೋರುತ್ತಿದ್ದವು. ಆರೋಗ್ಯ ತಂಡದವರು ಶಾಲೆಗೆ ಬಂದಾಗ ನೋಡಿ ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟರು. ಕಿವಿ ಒಣಗಲು ಎರಡು ತಿಂಗಳು ಹಿಡಿಯಿತು. ತೂತು ಇನ್ನೂ ಮುಚ್ಚಿಲ್ಲ. ಮೇಷ್ಟರು ಅವನನ್ನು ಮುಂದಿನ ಸಾಲಿಗೆ ತಂದು, ಚೆನ್ನಾಗಿ ಕೇಳುವ ಕಿವಿ ತಮ್ಮ ಕಡೆಗಿರುವಂತೆ ಕೂರಿಸಿದ್ದಾರೆ. ಕುರಿಯ ಮಾತು ಸದ್ಯಕ್ಕೆ ನಿಂತಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಗದ್ದಲವಿಲ್ಲದ ಹೊತ್ತಿನಲ್ಲಿ ಮಗುವಿನ ಹಿಂದೆ ಒಂದು ತೋಳಿನಷ್ಟು ದೂರದಲ್ಲಿ ನಿಲ್ಲಿರಿ. ಮುಖ ಕಂಡರೆ ಅದು ತುಟಿ ನೋಡಿ ಊಹಿಸುತ್ತದೆ. ಅದರ ಒಂದು ಕಿವಿಯನ್ನು ಬೆರಳಿನಿಂದ ಮೆಲ್ಲನೆ ಮುಚ್ಚಿ, ‘ರಾಗಿ’, ‘ಎಮ್ಮೆ’, ‘ಏಳು’ ಎಂಬಂಥ ಪರಿಚಯದ ಮಾತುಗಳನ್ನು ಪಿಸುದನಿಯಲ್ಲಿ ಹೇಳಿ, ತಿರುಗಿ ಹೇಳಿಸಿರಿ. ಆಮೇಲೆ ಇನ್ನೊಂದು ಕಿವಿ. ಅರ್ಧಕ್ಕಿಂತ ಹೆಚ್ಚು ತಪ್ಪಿದರೆ ಪರೀಕ್ಷೆ ಮಾಡಿಸಬೇಕು. ಹಸುಗೂಸಾದರೆ ಬೇರೆ ಗುರುತುಗಳಿವೆ. 6 ತಿಂಗಳಿಗೆ ಕರೆದ ಕಡೆ ತಿರುಗಬೇಕು, ವರ್ಷಕ್ಕೆ ತನ್ನ ಹೆಸರಿಗೆ ಓಗೊಡಬೇಕು, 2 ವರ್ಷಕ್ಕೆ ಎರಡು ಮಾತು ಜೋಡಿಸಬೇಕು. ಬಿತ್ತನೆಗೆ ಹದ ಇರುವಂತೆ ಮಾತು ಕಲಿಯುವುದಕ್ಕೂ ಹದವಿದೆ. ಅದು ಮೊದಲ ಮೂರು ವರ್ಷ. ಹುಟ್ಟುಕಿವುಡಿನ ವಿಷಯ ಬೇರೆ. ಅದನ್ನು ಇನ್ನೊಮ್ಮೆ ವಿವರಿಸಬೇಕಾಗುತ್ತದೆ.

ಚಿಕಿತ್ಸೆ ಎಲ್ಲಿ?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತಾರೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಂಡ ಬರಬೇಕು. ಕಿವಿ ಸೋರುವುದೂ ಕಿವುಡುತನವೂ ಅವರ ಪಟ್ಟಿಯಲ್ಲಿವೆ. ಆ ದಿನ ಮಗುವನ್ನು ಕಳೆ ಕೀಳಲು ಕರೆದೊಯ್ಯಬೇಡಿ. ಶ್ರವಣ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಹೋಗಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕೇಳುವುದು ಮತ್ತು ಮಾತಾಡುವುದು, ಈ ಎರಡರ ತೊಂದರೆಗೇ ಮೀಸಲಾದದ್ದು. ದೂರದ ಜಿಲ್ಲೆಗಳಿಂದಲೂ ಜನ ಅಲ್ಲಿಗೆ ಬರುತ್ತಾರೆ.

ಕಿವಿ ಒಣಗಿಯೂ ತೂತು ಮುಚ್ಚದಿದ್ದರೆ ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಕಿವಿಯ ಮೇಲ್ಭಾಗದ ಸ್ನಾಯುವಿನ ಮೇಲಿರುವ ತೆಳು ಪೊರೆಯ ಒಂದು ಚೂರನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ತೂತಿಗೆ ತೇಪೆ ಹಾಕುತ್ತಾರೆ. 1950ರ ದಶಕದ ಆರಂಭದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ತ್ಸೋಲ್ನರ್ ಎಂಬ ವೈದ್ಯರು ನಡುಗಿವಿಯನ್ನು ಹೀಗೆ ಮತ್ತೆ ಕಟ್ಟುವ ಕ್ರಮವನ್ನು ರೂಢಿಗೆ ತಂದರು. ತೇಪೆ ಬಹುಪಾಲು ಜನರಲ್ಲಿ ಹತ್ತಿಕೊಳ್ಳುತ್ತದೆ. ಮಕ್ಕಳಲ್ಲಿ ನೆಗಡಿಯ ಕಾಟ ಕಡಿಮೆಯಾಗುವ ವಯಸ್ಸಿನವರೆಗೆ ವೈದ್ಯರು ಕಾಯಿಸುವುದುಂಟು. ಮೂಳೆ ತಿನ್ನುವ ರೋಗವಾದರೆ ಕಾಯುವುದಿಲ್ಲ. ಆಯುಷ್ಮಾನ್ ಕಾರ್ಡು, ಪಡಿತರ ಚೀಟಿ ಇದ್ದರೆ ಜೊತೆಗೆ ಒಯ್ದು, ಖರ್ಚಿನ ವಿಷಯವನ್ನು ಅಲ್ಲೇ ವಿಚಾರಿಸಿರಿ.

ತಡೆಯುವ ದಾರಿ ಇದಕ್ಕಿಂತ ಅಗ್ಗ. ಮಕ್ಕಳ ಕಿವುಡುತನದಲ್ಲಿ ನೂರಕ್ಕೆ 60 ಪಾಲು ತಡೆಯಬಹುದಾದ ಕಾರಣಗಳಿಂದ ಬಂದದ್ದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಮಗುವನ್ನು ಅಂಗಾತ ಮಲಗಿಸಿ ಬಾಟಲಿ ಹಾಲು ಕುಡಿಸಬೇಡಿ; ತಲೆ ಎತ್ತಿ ಹಿಡಿದು ಕುಡಿಸಿರಿ. ಸಿಂಬಳವನ್ನು ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸೀನಿಸಿರಿ. ಒಲೆಯ ಹೊಗೆಯಿಂದಲೂ ಬೀಡಿಯ ಹೊಗೆಯಿಂದಲೂ ಮಕ್ಕಳನ್ನು ದೂರವಿಡಿರಿ. ದಡಾರ-ರುಬೆಲ್ಲಾ ಲಸಿಕೆ, ನ್ಯುಮೋಕಾಕಲ್ ಲಸಿಕೆ ತಪ್ಪಿಸಬೇಡಿ. ದಡಾರದ ಹಿಂದೆಯೇ ಕಿವಿ ಸೋರುವುದು ಸಾಮಾನ್ಯ.

ಗ್ರಾಮಸ್ಥರು ಕೇಳಿದ ಎರಡು ಪ್ರಶ್ನೆಗಳು

“ಕಿವಿ ಚುಚ್ಚಿಸಿದ್ದರಿಂದ ಸೋರುತ್ತಿದೆಯೇ?” ಇಲ್ಲ. ಚುಚ್ಚುವುದು ಹೊರಗಿನ ಹಾಲೆಯನ್ನು. ಅದಕ್ಕೂ ಪೊರೆಗೂ ಸಂಬಂಧವಿಲ್ಲ. ಚುಚ್ಚಿದ ಜಾಗ ಕೀವಾದರೆ ಅದು ಬೇರೆ ಹುಣ್ಣು.

“ಹುಡುಗಿಗೆ ಹದಿನಾಲ್ಕು. ಕಿವಿ ಸೋರುವುದು ಹೊರಗೆ ಗೊತ್ತಾದರೆ ನಾಳೆ ಗಂಡು ಕೂಡಿಬರುವುದು ಕಷ್ಟ. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸುವುದು ಹೇಗೆ?” ಈ ಮಾತನ್ನು ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡವರು ಇನ್ನೂ ಹಲವರಿರಬೇಕು. ಮಗನ ಕಿವಿಗೆ ಬಸ್ಸು ಹತ್ತುವವರು ಮಗಳ ಕಿವಿಗೆ ಸೆರಗು ಹೊದಿಸುತ್ತಾರೆ. ಸೋರುವ ಕಿವಿ ಅಂಟುರೋಗವಲ್ಲ. ಮುಚ್ಚಿಟ್ಟರೆ ವಾಸನೆಯೂ ಕಿವುಡೂ ಒಂದು ದಿನ ತಾವೇ ಹೊರಬೀಳುತ್ತವೆ. ಈಗ ಹೋದರೆ ಕಿವಿ ಒಣಗಲು ಕೆಲವು ವಾರ, ತೇಪೆ ಬೇಕಾದರೆ ಆಸ್ಪತ್ರೆಯಲ್ಲಿ ಕೆಲವು ದಿನ. ಒಂಟಿಯಾಗಿ ಹೋಗಲು ಸಂಕೋಚವಾದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿರಿ, ಜೊತೆಗೆ ಬರುತ್ತಾರೆ. ಹೋಗುವಾಗ ಯಾವ ಕಿವಿ, ಎಂದಿನಿಂದ, ಇದುವರೆಗೆ ಏನೇನು ಹಾಕಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ಕೊಡಿರಿ.